ಓಲೆಗರಿ ಭಂಡಾರದ ಆರ್ದ್ರತೆ ಮತ್ತು ದೂರಮಾಪನ

ಹಸ್ತಪ್ರತಿ ಸಂರಕ್ಷಣೆಯನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಗೆದ್ದಲು, ಹುಳುಗಳಿಗೆ ಸಿಕ್ಕ ಗಮನ ಗಾಳಿಯ ತೇವಕ್ಕೆ ಸಿಕ್ಕಂತೆ ಕಾಣದು. ಸಾಪೇಕ್ಷ ಆರ್ದ್ರತೆಯು ಶೇ. 65–70ನ್ನು ಮೀರಿ ಕೆಲಕಾಲ ನಿಂತರೆ ಓಲೆಗೆ ಬೂಷ್ಟು ಹತ್ತುವ ಸಂಭವವುಂಟು. ತೀರ ಇಳಿದರೆ ಗರಿ ಬಿರುಸಾಗಿ ಅಂಚು ಮುರಿಯುತ್ತದೆ. ಧವಲಾ ಟೀಕೆಯ ಕನ್ನಡ ಲಿಪಿಯ ಓಲೆಪ್ರತಿಗಳನ್ನು ಕಾಪಾಡಿಕೊಂಡು ಬಂದ ಮೂಡುಬಿದಿರೆಯು ಮಳೆ ವಿಪರೀತವಾಗಿ ಬೀಳುವ ಊರು. ಅಂತಹ ಊರಿನ ಮಠ, ಬಸದಿಗಳ ಭಂಡಾರದ ಸ್ಥಿತಿಯನ್ನು ಪುಣೆಯಲ್ಲೋ ದೆಹಲಿಯಲ್ಲೋ ಇರುವ ಸಂಶೋಧಕರು ತಿಳಿಯುವ ಬಗೆ ಹೇಗೆಂಬುದು ಇಲ್ಲಿಯ ವಿಷಯ.

ಉಷ್ಣತೆ, ಆರ್ದ್ರತೆಗಳನ್ನು ತಾನೇ ಅಳೆದು ದಾಖಲಿಸುವ ಪುಟ್ಟ ಉಪಕರಣಕ್ಕೆ ಡೇಟಾ ಲಾಗರ್ ಎಂದು ಹೆಸರು. 15 ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 96, 90 ದಿನಗಳಿಗೆ 8,640 ದಾಖಲೆಗಳಾಗುತ್ತವೆ. ಮೂರು ತಿಂಗಳಿಗೊಮ್ಮೆ ಯಾರಾದರೂ ಹೋಗಿ ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಸರಳ ಮಾರ್ಗ. ಆದರೆ ಜೂನ್‌ನಲ್ಲಿ ಹತ್ತಿದ ಬೂಷ್ಟಿನ ಕಾರಣ ಸೆಪ್ಟೆಂಬರಿನಲ್ಲಿ ತಿಳಿದರೆ ಅದು ಚರಿತ್ರೆಯಾದೀತೇ ಹೊರತು ಸಂರಕ್ಷಣೆಯಾಗದು.

ದೂರದಿಂದ ದತ್ತಾಂಶವನ್ನು ತರಿಸುವ ಕ್ರಮ ಹೊಸತಲ್ಲ. 1983ರಲ್ಲಿ ಉಡಾವಣೆಗೊಂಡ ಇನ್ಸಾಟ್-1ಬಿ ಉಪಗ್ರಹದಲ್ಲಿಯೇ ಭೂಮಿಯ ಮೇಲಿನ ಹವಾಮಾನ ಮಾಪಕಗಳ ಸಂದೇಶಗಳನ್ನು ಪಡೆದು ಮರುಪ್ರಸಾರ ಮಾಡುವ ವ್ಯವಸ್ಥೆಯಿತ್ತು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗಳ ಮಟ್ಟದವರೆಗೆ ಸ್ಥಾಪಿತವಾದ ಮಳೆಮಾಪಕಗಳು ಮೊಬೈಲ್ ಜಾಲದ ಮೂಲಕ ತಮ್ಮ ಅಳತೆಯನ್ನು ಬೆಂಗಳೂರಿಗೆ ಕಳುಹಿಸುತ್ತವೆ. ಮೊಬೈಲ್ ಸಂಪರ್ಕವಿರುವ ಊರಿನ ಭಂಡಾರಕ್ಕೆ ಉಪಗ್ರಹ ಬೇಕಿಲ್ಲ. ಒಂದು ಎಸ್ಸೆಮ್ಮೆಸ್ಸು 140 ಬೈಟುಗಳನ್ನು ಹೊರಬಲ್ಲದು. ದಿನದ ಗರಿಷ್ಠ, ಕನಿಷ್ಠ, ಸರಾಸರಿಗಳಿಗೆ ಅಷ್ಟು ಧಾರಾಳ. ಎಲ್ಲ ದಾಖಲೆಗಳೂ ಬೇಕಾದರೆ ಇಂಟರ್‌ನೆಟ್ಟನ್ನು ಆಶ್ರಯಿಸಬೇಕು. ಆದರೆ ದಪ್ಪ ಕಲ್ಲುಗೋಡೆ, ಕಬ್ಬಿಣದ ಕಪಾಟು ಇವು ರೇಡಿಯೋ ತರಂಗಗಳಿಗೆ ಶತ್ರುಗಳು. ಆದುದರಿಂದ ಸಂವೇದಕವು ಓಲೆಕಟ್ಟಿನ ಬಳಿ, ಆಂಟೆನಾ ಗೋಡೆಯ ಹೊರಗೆ ಇರುವಂತೆ ತಂತಿ ಎಳೆಯುವುದು ಲೇಸು.

ಸಂಪರ್ಕ ತಪ್ಪಿದಾಗ ಏನಾಗುತ್ತದೆ ಎಂಬುದು ಉಪಕರಣ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ. ಅಳೆದುದನ್ನು ತನ್ನಲ್ಲಿ ಉಳಿಸಿಕೊಂಡು, ಜಾಲ ಮರಳಿದಾಗ ಕಳುಹಿಸುವ ಉಪಕರಣವನ್ನೇ ಆರಿಸಬೇಕು. ಪ್ರತಿ ದಾಖಲೆಗೂ ಕ್ರಮಸಂಖ್ಯೆ ಅವಶ್ಯ. ಗರಿಯ ಅಂಕವಿಲ್ಲದ ಓಲೆಕಟ್ಟಿನಲ್ಲಿ ನಡುವೆ ಲೋಪವಿದೆಯೇ, ಕವಿಯೇ ಹಾರಿದ್ದಾನೆಯೇ ಎಂದು ತಿಣುಕಿದವರಿಗೆ ಇದರ ಬೆಲೆ ಗೊತ್ತು. ಲೋಪವನ್ನು ಸರಾಸರಿಯಿಂದ ತುಂಬಿಬಿಡುವ ತಂತ್ರಾಂಶಗಳುಂಟು; ಗ್ರಂಥಸಂಪಾದನೆಯಲ್ಲಿ ಒಪ್ಪದ ಈ ಸ್ವಾತಂತ್ರ್ಯವನ್ನು ಇಲ್ಲಿಯೂ ಒಪ್ಪಲಾಗದು. ಇನ್ನು ಕಾಲದ ವಿಚಾರ: ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪುವ ಗಡಿಯಾರವು ವರ್ಷಕ್ಕೆ ಸುಮಾರು ಹತ್ತು ನಿಮಿಷ ಸರಿಯುತ್ತದೆ. ಜಾಲದಿಂದ ಸಮಯವನ್ನು ತಿದ್ದಿಕೊಳ್ಳುವ ಉಪಕರಣದಲ್ಲಿ ಈ ತೊಡಕಿಲ್ಲ.

ಸಂವೇದಕದ ನಿಖರತೆಯನ್ನು ಮಾತ್ರ ದೂರದಿಂದ ಪರೀಕ್ಷಿಸಲಾಗದು. ಅದಕ್ಕೆ ಸ್ಥಳದಲ್ಲಿರುವವರ ನೆರವು ಬೇಕು. ಪಾಕದಂತೆ ಒದ್ದೆಯಾಗಿಸಿದ ಅಡುಗೆ ಉಪ್ಪಿನೊಡನೆ, ನೀರು ತಗುಲದಂತೆ, ಸಂವೇದಕವನ್ನು ಭದ್ರವಾದ ಮುಚ್ಚಳದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಅದು ಶೇ. 75ರ ಆಸುಪಾಸನ್ನು ತೋರಿಸಬೇಕು.