ಜೀವಕೋಶದೊಳಗಣ ಬೆಳಕಿನ ಬೇಹುಗಾರರು

ಮಿಡಿಗೇಶಿ ಸೀಮೆಯ ಮನೆಗಳಲ್ಲಿ ಶುಭಕಾರ್ಯದ ದಿನ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಆರತಿ ಎತ್ತುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಳದಿ ನೀರು ಕ್ಷಣಮಾತ್ರದಲ್ಲಿ ಕೆಂಪೇರುತ್ತದೆ. ಸುಣ್ಣವು ಕಣ್ಣಿಗೆ ಕಾಣದಂತೆ ಕರಗಿದ್ದರೂ ಅದರ ಇರವನ್ನು ಅರಿಸಿನ ಸಾರಿಬಿಡುತ್ತದೆ. ಈ ಉಪಾಯವನ್ನೇ ವಿಜ್ಞಾನಿಗಳು ಜೀವಂತ ಕೋಶದೊಳಕ್ಕೆ ಕೊಂಡೊಯ್ದಿದ್ದಾರೆ. ಬಣ್ಣದ ಬದಲು ಬೆಳಕನ್ನು ನೆಚ್ಚಿದ್ದಾರೆ.

ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ, ಅದಕ್ಕಿಂತ ಉದ್ದ ತರಂಗದ ಬೇರೊಂದು ಬೆಳಕನ್ನು ಸೂಸುತ್ತವೆ. ಇದೇ ಪ್ರತಿದೀಪ್ತಿ. ಬ್ಯಾಂಕಿನಲ್ಲಿ ನೇರಳಾತೀತ ದೀಪದಡಿ ಹಿಡಿದ ನೋಟಿನ ಎಳೆಗಳು ಹೊಳೆಯುವುದೂ ಇದರಿಂದಲೇ.

ಕೋಶವು ಆಮ್ಲಜನಕವನ್ನು ಬಳಸುವಾಗ ಹೈಡ್ರೋಜನ್ ಪೆರಾಕ್ಸೈಡಿನಂತಹ ಚುರುಕಾದ ಅಣುಗಳು ಹುಟ್ಟುತ್ತವೆ. ಮಿತಿಯಲ್ಲಿದ್ದರೆ ಇವು ಸಂದೇಶವಾಹಕಗಳು, ಮಿತಿಮೀರಿದರೆ ಮಾರಕಗಳು. ಕೋಶವನ್ನು ಅರೆದು ಅಳೆಯಹೊರಟರೆ ಅಷ್ಟರಲ್ಲಿ ಅವು ಮತ್ತೊಂದಾಗಿ ಹೋಗಿರುತ್ತವೆ. ಆದುದರಿಂದ ಅವನ್ನು ಇದ್ದಲ್ಲಿಯೇ ಹಿಡಿಯಬೇಕು. ಇದಕ್ಕೆಂದು ಬಹುಕಾಲದಿಂದ ಬಳಕೆಯಲ್ಲಿರುವ ಡೈಕ್ಲೋರೋಫ್ಲೂರೆಸೀನ್ ಬಣ್ಣವು ನಂಬಲು ತಕ್ಕ ಸಾಕ್ಷಿಯಲ್ಲವೆಂಬುದೇ ನನ್ನ ಅಭಿಪ್ರಾಯ. ಅದು ಹಲವು ಅಣುಗಳಿಗೆ ಒಂದೇ ಬಗೆಯಾಗಿ ಬೆಳಗುತ್ತದೆ. ಸಾಲದೆಂಬಂತೆ ತಾನೂ ಅಂತಹ ಅಣುಗಳನ್ನು ಹುಟ್ಟಿಸುತ್ತದೆ. ಕಾವಲುಗಾರನೇ ಕನ್ನ ಕೊರೆದಂತೆ! 2004ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಚಾಂಗ್ ಮತ್ತು ಸಂಗಡಿಗರು ಬಣ್ಣದ ಅಣುವಿಗೆ ಬೋರಾನಿನ ಮುಸುಕು ತೊಡಿಸಿದರು. ಪೆರಾಕ್ಸೈಡ್ ಬಂದು ಮುಸುಕನ್ನು ಕಳಚಿದಾಗಲೇ ಅದು ಬೆಳಗುತ್ತದೆ.

ನಮ್ಮ ನಾಡಿಗೆ ಹೆಚ್ಚು ಹತ್ತಿರವಾದ ಕಥೆ ಕ್ಷಯರೋಗದ್ದು. ಕ್ಷಯದ ಬ್ಯಾಕ್ಟೀರಿಯವನ್ನು ನುಂಗಿದ ಭಕ್ಷಕಕೋಶ ಅದರ ಮೇಲೆ ಈ ಚುರುಕು ಅಣುಗಳನ್ನೇ ಸುರಿಯುತ್ತದೆ. ಬ್ಯಾಕ್ಟೀರಿಯ ಮೈಕೊಥಯಾಲ್ ಎಂಬ ರಕ್ಷಕ ವಸ್ತುವಿನಿಂದ ತಡೆದುಕೊಳ್ಳುತ್ತದೆ. ಈ ಹೋರಾಟದಲ್ಲಿ ಯಾರ ಕೈ ಮೇಲೆಂದು ತಿಳಿಯಲು, ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಅಮಿತ್ ಸಿಂಗ್ ಮತ್ತು ಸಂಗಡಿಗರು 2014ರಲ್ಲಿ ಒಂದು ಶೋಧಕವನ್ನು ಪ್ರಕಟಿಸಿದರು. ಸಮುದ್ರದ ಜೆಲ್ಲಿಮೀನಿನಲ್ಲಿ ಮೊದಲು ದೊರೆತ ಹಸಿರು ಪ್ರೋಟೀನಿನ ಮಾರ್ಪಾಡನ್ನು ಬ್ಯಾಕ್ಟೀರಿಯದ ಮೈಕೊರೆಡಾಕ್ಸಿನ್ ಪ್ರೋಟೀನಿಗೆ ಬೆಸೆದು ಅವರು ಇದನ್ನು ರಚಿಸಿದರು. ಬ್ಯಾಕ್ಟೀರಿಯವೇ ತನ್ನೊಳಗೆ ಇದನ್ನು ತಯಾರಿಸಿಕೊಳ್ಳುತ್ತದೆ. 405 ಮತ್ತು 488 ನ್ಯಾನೊಮೀಟರಿನ ಬೆಳಕುಗಳನ್ನು ಸರದಿಯಂತೆ ಹಾಯಿಸಿ, ಎರಡಕ್ಕೂ ಬರುವ ಹಸಿರು ಹೊಳಪಿನ ಪ್ರಮಾಣವನ್ನು ಹೋಲಿಸಬೇಕು. ಉತ್ಕರ್ಷಣ ಹೆಚ್ಚಾದರೆ ಮೊದಲನೆಯದರ ಹೊಳಪು ಏರಿ ಎರಡನೆಯದು ಇಳಿಯುತ್ತದೆ. ಅನುಪಾತವೇ ಅಳತೆಯಾದುದರಿಂದ ಶೋಧಕ ಹೆಚ್ಚಿದೆಯೋ ಕಡಿಮೆಯಿದೆಯೋ ಎಂಬ ಗೊಂದಲವಿಲ್ಲ.

ಕಂಡದ್ದೇನು? ಭಕ್ಷಕಕೋಶಗಳೊಳಗಿನ ಬ್ಯಾಕ್ಟೀರಿಯಗಳೆಲ್ಲವೂ ಒಂದೇ ಸ್ಥಿತಿಯಲ್ಲಿರಲಿಲ್ಲ. ಕೆಲವು ಬಳಲಿದ್ದವು, ಕೆಲವು ಹಾಯಾಗಿದ್ದವು. ಹಾಯಾಗಿದ್ದವೇ ಔಷಧವನ್ನೂ ಸಹಿಸಿ ಉಳಿಯಬಲ್ಲವು. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾದುದೇಕೆ ಎಂದು ಬೇಸರಪಡುವ ರೋಗಿಗೆ ಉತ್ತರದ ಒಂದು ಭಾಗ ಇಲ್ಲಿದೆ. 2019ರಲ್ಲಿ ಇದೇ ತಂಡವು, ಭಕ್ಷಕಕೋಶದೊಳಗಿನ ಆಮ್ಲತೆಯೇ ಈ ಭೇದಕ್ಕೆ ಕಾರಣವೆಂದು ತೋರಿಸಿ, ಮಲೇರಿಯಾದ ಹಳೆಯ ಔಷಧವಾದ ಕ್ಲೋರೋಕ್ವಿನ್ನಿನಿಂದ ಆ ಆಮ್ಲತೆಯನ್ನು ತಗ್ಗಿಸಿತು. ಇಲಿಗಳಲ್ಲಿಯೂ ಗಿನಿ ಹಂದಿಗಳಲ್ಲಿಯೂ ಕ್ಷಯದ ಔಷಧಗಳ ಫಲ ಹೆಚ್ಚಿತು. ಪ್ರಾಣಿಗಳಲ್ಲಿ ಫಲಿಸಿದ್ದು ಮನುಷ್ಯರಲ್ಲಿಯೂ ಫಲಿಸುವುದೆಂದು ಇಷ್ಟರಿಂದಲೇ ಹೇಳಲಾಗದು. ಅದಕ್ಕೆ ಬೇರೆಯೇ ಪರೀಕ್ಷೆಗಳು ಬೇಕು.