ಬೋರ್ಡಿನ ಮೇಲಿನ ಹೆಸರು

ದಾಂಡೇಲಿಯಿಂದ ಗಣೇಶಗುಡಿಯ ಕಡೆ ಹೋದರೆ ಕಾಡಿನ ನಡುವೆ ‘ಓಲ್ಡ್ ಮ್ಯಾಗಜಿನ್ ಹೌಸ್’ ಎಂಬ ತಂಗುದಾಣ ಸಿಗುತ್ತದೆ. ಹಕ್ಕಿ ನೋಡುವವರಿಗೆ ಅಚ್ಚುಮೆಚ್ಚಿನ ಜಾಗ. ಹೆಸರು ಕೇಳಿ ಯಾವುದೋ ಹಳೆಯ ಪತ್ರಿಕೆಯ ಕಚೇರಿ ಎಂದುಕೊಂಡರೆ ಮೋಸಹೋದಂತೆ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಉಗ್ರಾಣ ಅದು. ಅಂಥ ಮದ್ದಿನ ಮನೆಗೂ ಇಂಗ್ಲಿಷಿನಲ್ಲಿ ಮ್ಯಾಗಜಿನ್ ಎಂದೇ ಹೆಸರು. ಮದ್ದು ಖಾಲಿಯಾಗಿ ಎಷ್ಟೋ ಕಾಲವಾಯಿತು. ಉಳಿದ ಹೆಸರೇ ಈಗ ಪ್ರವಾಸಿಗರನ್ನು ಕರೆಯುತ್ತಿದೆ.

ಒಂದು ಅಂಗಡಿಯ ಹೆಸರು, ಅದರ ಒಡೆತನ, ಒಳಗೆ ನಡೆಯುವ ವ್ಯಾಪಾರ ಇವೆಲ್ಲ ಒಂದೇ ಗಂಟು ಎಂದು ನಾವು ಎಣಿಸುತ್ತೇವೆ. ನಿಜದಲ್ಲಿ ಅವು ಮೂರು ಬೇರೆ ಎಳೆಗಳು. ಗಂಟು ಬಿಚ್ಚಿ ನೋಡಲು ಜಪಾನಿನ ವಿಡಿಯೋ ಗೇಮ್ ಪಾರ್ಲರುಗಳ ಕಥೆ ಒಳ್ಳೆಯದು.

ನೀಲಿ ಹೋಗಿ ಕೆಂಪು ಬಂತು

ಟೋಕಿಯೋದ ಅಕಿಹಬಾರಾದಂಥ ಪೇಟೆಗಳಲ್ಲಿ ಬಹುಮಹಡಿ ಗೇಮ್ ಸೆಂಟರುಗಳಿವೆ. ನಮ್ಮ ಜಾತ್ರೆಯಲ್ಲಿ ರಿಂಗು ಎಸೆದು ಸಾಬೂನು, ಬಾಚಣಿಗೆ ಗೆಲ್ಲುತ್ತೇವಲ್ಲ, ಅಲ್ಲಿ 100 ಯೆನ್ ನಾಣ್ಯ ಹಾಕಿ ಯಂತ್ರದ ಕೊಕ್ಕೆಯಿಂದ ಗೊಂಬೆ ಎತ್ತುತ್ತಾರೆ. ಸೇಗಾ ಕಂಪನಿ ಈ ಯಂತ್ರವನ್ನು ‘ಯುಎಫ್ಒ ಕ್ಯಾಚರ್’ ಎಂಬ ಹೆಸರಿನಲ್ಲಿ 1985ರಲ್ಲಿ ತಂದಿತು. ಸೇಗಾ ಎಂಬುದೂ ‘ಸರ್ವಿಸ್ ಗೇಮ್ಸ್’ ಎಂಬ ಎರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು.

2020ರಲ್ಲಿ ಕೊರೊನಾ ಬಂದು ಗೇಮ್ ಸೆಂಟರುಗಳು ಬಾಗಿಲು ಹಾಕಿದವು. ಅದೇ ವರ್ಷದ ಕೊನೆಗೆ ಸೇಗಾ ತನ್ನ ಪಾರ್ಲರು ವ್ಯವಹಾರದ ಶೇ. 85.1 ಪಾಲನ್ನು ಜೆಂಡಾ ಎಂಬ ಕಂಪನಿಗೆ ಮಾರಿತು. ಒಡೆಯ ಬದಲಾದರೂ ನೀಲಿ ಸೇಗಾ ಬೋರ್ಡುಗಳು ಹಾಗೇ ಇದ್ದವು. ಉಳಿದ ಪಾಲೂ 2022ರ ಜನವರಿಯಲ್ಲಿ ಜೆಂಡಾದ ಕೈಸೇರಿದ ಮೇಲೆ ಒಂದೊಂದಾಗಿ ನೀಲಿ ಬೋರ್ಡು ಇಳಿದು ‘ಗಿಗೊ’ ಎಂಬ ಕೆಂಪು ಬೋರ್ಡು ಏರಿತು. ಸೇಗಾ ಹೋದದ್ದು ಪಾರ್ಲರಿನಿಂದ ಮಾತ್ರ. ಆಟ ತಯಾರಿಸುವ ಕಂಪನಿ ಆ ಹೆಸರನ್ನು ತನ್ನಲ್ಲೇ ಇಟ್ಟುಕೊಂಡಿತು.

ಗಿಗೊ ಹೊಸದಾಗಿ ಹುಟ್ಟಿಸಿದ ಹೆಸರಲ್ಲ. 1990ರ ದಶಕದಲ್ಲಿ ರೊಪ್ಪೊಂಗಿ, ಇಕೆಬುಕುರೊ ಪೇಟೆಗಳ ದೊಡ್ಡ ಪಾರ್ಲರುಗಳಿಗೆ ಸೇಗಾ ತಾನೇ ಇಟ್ಟಿದ್ದ ಹೆಸರು. ‘ಕಸ ಹಾಕಿದರೆ ಕಸವೇ ಬರುತ್ತದೆ’ ಎಂಬ ಕಂಪ್ಯೂಟರ್ ಲೋಕದ ಮಾತಿನ ಮೊದಲಕ್ಷರಗಳು ಅವು. ಜೆಂಡಾ ಅಕ್ಷರ ಉಳಿಸಿಕೊಂಡು ಅರ್ಥ ಬದಲಿಸಿತು: ‘ಆಟದ ಓಯಸಿಸ್‌ಗೆ ಬನ್ನಿ’. ಇಕೆಬುಕುರೊದ ಹಳೆಯ ಗಿಗೊ 2021ರ ಸೆಪ್ಟೆಂಬರಿನಲ್ಲಿ ಮುಚ್ಚಿತ್ತು. ಸರಿಯಾಗಿ ಎರಡು ವರ್ಷಕ್ಕೆ ಅದೇ ಪೇಟೆಯಲ್ಲಿ ಗಿಗೊದ ಪ್ರಧಾನ ಮಳಿಗೆ ತೆರೆಯಿತು.

ಕಾಳಿ ದಂಡೆಯ ಬೋರ್ಡುಗಳು

ಇನ್ನು ನಮ್ಮ ಕಡೆಯ ಸರಪಳಿ ನೋಡೋಣ. ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯನ್ನು 1980ರಲ್ಲಿ ರಾಜ್ಯ ಸರ್ಕಾರ ಖಾಸಗಿ ಟೈಗರ್ ಟಾಪ್ಸ್ ಜೊತೆ ಸೇರಿ ಆರಂಭಿಸಿತು. 1987ರಲ್ಲಿ ಖಾಸಗಿಯವರು ಹೊರನಡೆದರು, ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು. ಪಾಲುದಾರರು ಬಿಟ್ಟರೂ ಹೆಸರು ಬಿಡಲಿಲ್ಲ. ಅದೇ ಸಂಸ್ಥೆಯ ದಾಂಡೇಲಿ ಬಿಡಾರದಲ್ಲಿ ಆದದ್ದು ತಿರುವುಮುರುವು. ಒಡೆತನ ಅದೇ, ಹೊಳೆ ಅದೇ. ‘ಕಾಳಿ ವೈಲ್ಡರ್‌ನೆಸ್ ಕ್ಯಾಂಪ್’ ಹೋಗಿ ‘ಕಾಳಿ ಅಡ್ವೆಂಚರ್ ಕ್ಯಾಂಪ್’ ಆಯಿತು. ಕಾಡಿನ ಮೌನಕ್ಕಿಂತ ರಾಫ್ಟಿಂಗಿನ ರೋಮಾಂಚನಕ್ಕೆ ಗಿರಾಕಿ ಹೆಚ್ಚು ಎಂಬುದನ್ನು ಆ ಒಂದು ಪದವೇ ಹೇಳುತ್ತದೆ.

ಕಾಡಿನ ಬೋರ್ಡೂ ಬದಲಾಗುತ್ತ ಬಂದಿದೆ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ. 2015ರಲ್ಲಿ ಎರಡು ಊರುಗಳ ಹೆಸರು ಬಿಟ್ಟು ಹೊಳೆಯ ಹೆಸರು ಹಿಡಿದು ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿ ಈ ಕಾಡನ್ನೆಲ್ಲ ಹೊಲಿದಿರುವ ದಾರ, ಹೆಸರು ಒಪ್ಪುತ್ತದೆ. ಆದರೂ ಹುಬ್ಬಳ್ಳಿ, ಬೆಳಗಾವಿ ಕಡೆಯವರು ವಾರದ ರಜೆಗೆ ಹೊರಡುವುದು ‘ದಾಂಡೇಲಿ’ಗೇ. ಸರ್ಕಾರಿ ಆದೇಶ ಬೋರ್ಡಿಗೆ ಅಂಟುತ್ತದೆ, ಬಾಯಿಗೆ ಅಂಟಲು ತಡ.

ಹೆಸರಿಗೆ ಎಷ್ಟು ಆಯಸ್ಸು ಎಂಬುದಕ್ಕೆ ಸೂಪಾದಷ್ಟು ಗಟ್ಟಿ ಸಾಕ್ಷಿ ಇಲ್ಲ. ಅದು ಕಾಳಿ ಮತ್ತು ಪಾಂಡರಿ ಕೂಡುವಲ್ಲಿದ್ದ ತಾಲೂಕು ಕೇಂದ್ರ. ಅಣೆಕಟ್ಟು ಎದ್ದಾಗ ಊರು ಮುಳುಗಿತು, ಕಚೇರಿಗಳು ಜೋಯಿಡಾಕ್ಕೆ ಹೋದವು, ಕ್ರಮೇಣ ತಾಲೂಕಿಗೂ ಜೋಯಿಡಾ ಎಂದೇ ಹೆಸರಾಯಿತು. ಊರನ್ನು ನುಂಗಿದ 101 ಮೀಟರ್ ಎತ್ತರದ ಅಣೆಕಟ್ಟಿಗೆ ಊರಿನದೇ ಹೆಸರು. ಅಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟರಷ್ಟೇ ಕೆಳಗೆ ರಾಫ್ಟು ಇಳಿಯುತ್ತದೆ. ರಾಫ್ಟಿಂಗಿಗೆ ಬಂದವರು ಸೂಪಾ ಎಲ್ಲಿ ಎಂದು ಕೇಳಿದರೆ ಕೈ ತೋರಿಸುವುದು ಅಣೆಕಟ್ಟಿನ ಕಡೆಗೆ. ಸೂಪಾ ಇರುವುದು ಅದರಾಚೆಯ ನೀರಿನಡಿಯಲ್ಲಿ.