ಟೋಕಿಯೋದಲ್ಲಿ ಕನ್ನಡ ಬಲ್ಲ ಆನೆ

ಗೋಕಾಕ, ಮೂಡಲಗಿ, ಹುಕ್ಕೇರಿಯ ವಿದ್ಯಾರ್ಥಿಗಳೇ, ಸ್ನೇಹ ಒಪ್ಪಂದದ ಊರುಗಳಿಗೆ ಜಪಾನೀಯರು ‘ಶಿಮಾಯ್ ತೋಶಿ’, ಅಂದರೆ ಅಕ್ಕ-ತಂಗಿ ನಗರ, ಎನ್ನುತ್ತಾರೆ. ಮುಂಬಯಿ ಮತ್ತು ಯೋಕೋಹಾಮಾ 1965ರಲ್ಲಿ ಹೀಗೆ ಜೊತೆಗೂಡಿದವು. ಅದಕ್ಕೂ ಮೊದಲೇ, ಯಾವ ಒಪ್ಪಂದವೂ ಇಲ್ಲದೆ, ನಮ್ಮ ನಾಡಿನ ಆನೆಯೊಂದು ಈ ನಂಟು ಬೆಸೆದಿತ್ತು.

1943ರಲ್ಲಿ ಟೋಕಿಯೋದ ಉಯೆನೋ ಮೃಗಾಲಯದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದರು. ಬಾಂಬು ಬಿದ್ದರೆ ಅವು ಬೀದಿಗೆ ನುಗ್ಗೀತೆಂಬ ಭಯ! ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ಒಂದು ಆನೆ ಕಳಿಸಿರೆಂದು ನೆಹರೂ ಅವರಿಗೆ ಪತ್ರ ಬರೆದರು. 1949ರಲ್ಲಿ ಮೈಸೂರು ಸೀಮೆಯ ‘ಇಂದಿರಾ’ ಹಡಗಿನಲ್ಲಿ ಹೊರಟಿತು. ಅದಕ್ಕೆ ತಿಳಿಯುತ್ತಿದ್ದುದು ಕನ್ನಡ ಮಾತ್ರ. ಆದ್ದರಿಂದ ಜೊತೆಗೆ ಹೋದ ಮಾವುತರಿಂದ ಜಪಾನೀ ಪಾಲಕರೇ ಕನ್ನಡದ ಆಜ್ಞೆಗಳನ್ನು ಕಲಿತರು. ಅತಿಥಿಗಾಗಿ ಆತಿಥೇಯರು ಭಾಷೆ ಕಲಿಯುವುದು ಅಪರೂಪವಲ್ಲವೇ? ಮರುವರ್ಷ ಇಂದಿರಾ ಜಪಾನಿನ ಹಲವು ಊರುಗಳಿಗೆ ಹೋಗಿ ಮಕ್ಕಳಿಗೆ ದರ್ಶನ ಕೊಟ್ಟಿತು. 1983ರವರೆಗೆ ಉಯೆನೋದಲ್ಲೇ ಬದುಕಿತು.